ಹೆಸರು ಹಿಡಿದು ಕರೆದ ದನಿ



ಕ್ರೈಸ್ತ ಗ್ರಂಥಗಳಲ್ಲಿ ದೇವರು ಮನುಷ್ಯರೊಂದಿಗೆ ನೇರವಾಗಿ ಮಾತಾಡುವ ಪ್ರಸಂಗಗಳು ಇವತ್ತಿನ ವಿಷಯ. ಕೊಟ್ಟೂರೇಶ್ವರನ ಊರಾದ ಕೊಟ್ಟೂರಿನಲ್ಲಿ ನಿಂತು ಇದನ್ನೇಕೆ ಮಾತಾಡಬೇಕು ಎಂದು ಕೆಲವರು ಪ್ರೀತಿಯಿಂದಲೇ ಕೇಳಿದರು. ನಾನು ಕ್ರೈಸ್ತನಲ್ಲ. ಕನ್ನಡ ಪಾಠ ಹೇಳಿಕೊಂಡು ಬದುಕಿದವನು. ಬೈಬಲ್ಲನ್ನು ಮೊದಲು ಕನ್ನಡದ ಒಂದು ಪುಸ್ತಕವೆಂದೇ ಕೈಗೆತ್ತಿಕೊಂಡೆ. ಓದುತ್ತ ಹೋದಂತೆ ಅದರೊಳಗಿನ ದನಿಗಳು ನನ್ನ ಸೀಮೆಯ ದನಿಗಳನ್ನು ನೆನಪಿಗೆ ತಂದವು. ಕೆಲವು ಕಡೆ ಅವುಗಳೊಡನೆ ಜಗಳಕ್ಕೂ ನಿಂತವು. ಆ ನೆನಪನ್ನೂ ಆ ಜಗಳವನ್ನೂ ನಿಮ್ಮ ಮುಂದಿಡುತ್ತೇನೆ.

ನಾನು ಚಿಕ್ಕವನಿದ್ದಾಗ ನಮ್ಮ ಹಳ್ಳಿಯ ಎಷ್ಟೋ ಕದಗಳ ಮೇಲೆ ಸುಣ್ಣದಲ್ಲೋ ಇದ್ದಿಲಿನಲ್ಲೋ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ಹೊತ್ತು ಹೊರಗಿನಿಂದ ಯಾರಾದರೂ ಹೆಸರು ಹಿಡಿದು ಕೂಗಿದರೆ ಒಂದೇ ಕೂಗಿಗೆ ಓ ಅನ್ನಬೇಡ ಎಂದು ಅಜ್ಜಿ ಹೇಳುತ್ತಿದ್ದಳು. ಅದು ಅವ್ವನ ದನಿಯಲ್ಲೇ ಕರೆಯುತ್ತದೆ, ಅಣ್ಣನ ದನಿಯಲ್ಲೂ ಕರೆಯುತ್ತದೆ. ಓ ಅಂದರೆ ಅದರ ಕೈಗೆ ಸಿಕ್ಕಿಬಿದ್ದಂತೆ. ಮೂರು ಸಲ ಕೂಗಿದರೆ ಮಾತ್ರ ಮನುಷ್ಯರ ಕೂಗು ಎಂದು ತಿಳಿ. ಹೊದಿಕೆಯೊಳಗೆ ಮುದುರಿಕೊಂಡು ಕೂಗುಗಳನ್ನು ಎಣಿಸಿದ ರಾತ್ರಿಗಳು ನನಗೆ ಈಗಲೂ ನೆನಪಿವೆ. ಓ ಎನ್ನುವುದು ಸಣ್ಣ ಮಾತಲ್ಲ, ಅದು ನಮ್ಮನ್ನೇ ಒಪ್ಪಿಸಿಬಿಡುವ ಮಾತು ಎಂಬ ತಿಳಿವಳಿಕೆ ಆ ಭಯದ ಒಳಗೆ ಇತ್ತು. ಕನ್ನಡದಲ್ಲಿ ಅದಕ್ಕೊಂದು ಹಳೆಯ ಕ್ರಿಯಾಪದವೇ ಇದೆ: ಓಗೊಡು. ಓ ಎಂಬುದನ್ನು ಕೊಡುವುದು.

ಹಳೆಯ ಒಡಂಬಡಿಕೆಯಲ್ಲಿ ಸಮುವೇಲನ ಮೊದಲನೆಯ ಪುಸ್ತಕದ 3ನೆಯ ಅಧ್ಯಾಯವನ್ನು ನಾನು ಮೊದಲ ಸಲ ಓದಿದಾಗ ಅಜ್ಜಿಯ ಆ ಮಾತು ಎದುರಿಗೆ ಬಂದು ನಿಂತಿತು. ಶಿಲೋ ಎಂಬ ಊರಿನ ಗುಡಿ. ಏಲಿ ಎಂಬ ಮುದಿ ಯಾಜಕ, ಕಣ್ಣು ಮಂಜಾಗಿದೆ. ದೇವರ ಸೇವೆಗೆಂದು ತಾಯಿ ಅವನ ಬಳಿ ಬಿಟ್ಟುಹೋದ ಹುಡುಗ ಸಮುವೇಲ. ದೇವರ ಮಾತು ಅಪರೂಪವಾಗಿದ್ದ ಕಾಲ ಅದು ಎಂದು ಕಥೆ ಮೊದಲೇ ಹೇಳಿಬಿಡುತ್ತದೆ. ದೀಪ ಇನ್ನೂ ಆರಿಲ್ಲ. ಮಲಗಿದ್ದ ಹುಡುಗನನ್ನು ಯಾರೋ ಕರೆಯುತ್ತಾರೆ. ಅವನು ಎದ್ದು ಏಲಿಯ ಬಳಿಗೆ ಓಡುತ್ತಾನೆ, ಕರೆದಿರಲ್ಲ, ಬಂದೆ ಎನ್ನುತ್ತಾನೆ. ನಾನು ಕರೆಯಲಿಲ್ಲ ಮಗನೇ, ಹೋಗಿ ಮಲಗು ಎನ್ನುತ್ತಾನೆ ಮುದುಕ. ಮತ್ತೆ ಕರೆ, ಮತ್ತೆ ಓಟ. ಮೂರನೆಯ ಸಲ ಹುಡುಗ ಓಡಿಬಂದಾಗ ಏಲಿಗೆ ಹೊಳೆಯುತ್ತದೆ. ಈ ಸಲ ಕರೆದರೆ ಹೀಗೆ ಉತ್ತರ ಕೊಡು ಎಂದು ಹೇಳಿಕೊಟ್ಟು ಕಳಿಸುತ್ತಾನೆ.

ಈ ಕಥೆಯಲ್ಲಿ ದೇವರ ದನಿಗೆ ಗುಡುಗಿಲ್ಲ, ಬೆಳಕಿಲ್ಲ. ಪಕ್ಕದ ಕೋಣೆಯಲ್ಲಿ ಮಲಗಿದ ಮುದುಕನ ದನಿಯಂತೆಯೇ ಇದೆ, ಇಲ್ಲದಿದ್ದರೆ ಹುಡುಗ ಮೂರು ಸಲ ಅತ್ತ ಓಡುತ್ತಿರಲಿಲ್ಲ. ಅದನ್ನು ಗುರುತಿಸುವವನು ಕೇಳಿಸಿಕೊಂಡ ಹುಡುಗನಲ್ಲ, ಏನೂ ಕೇಳಿಸದ ಏಲಿ. ಇಷ್ಟಕ್ಕೇ ಮುಗಿದಿದ್ದರೆ ಇದೊಂದು ಚೆಂದದ ಮಕ್ಕಳ ಕಥೆ. ಆದರೆ ಹುಡುಗನಿಗೆ ಬಂದ ಮಾತು ಏಲಿಯ ಮನೆತನಕ್ಕೇ ಕೊಟ್ಟ ತೀರ್ಪು. ಏಲಿಯ ಮಕ್ಕಳು ಬಲಿಗೆಂದು ತಂದ ಮಾಂಸವನ್ನು ಭಕ್ತರಿಂದ ದಬಾಯಿಸಿ ಕಿತ್ತುಕೊಳ್ಳುತ್ತಿದ್ದವರು, ಗುಡಿಯ ಬಾಗಿಲಲ್ಲಿ ಸೇವೆಗಿದ್ದ ಹೆಂಗಸರನ್ನು ಕೆಡಿಸಿದವರು. ಅಪ್ಪ ಅವರನ್ನು ತಡೆಯಲಿಲ್ಲ. ಹುಡುಗ ಬೆಳಗಿನವರೆಗೆ ಮಲಗಿಯೇ ಇದ್ದ. ಬೆಳಿಗ್ಗೆ ಎದ್ದು ಎಂದಿನಂತೆ ಗುಡಿಯ ಕದ ತೆರೆದ. ಹೇಳಲು ಹೆದರಿದ. ಏಲಿಯೇ ಕರೆದು, ಒಂದನ್ನೂ ಮುಚ್ಚಿಡಬೇಡ ಎಂದು ಆಣೆ ಹಾಕಿ ಕೇಳಿದ. ಈ ಕರೆಗೂ ಹುಡುಗ ರಾತ್ರಿಯಂತೆಯೇ ಓ ಎಂದ. ಎಲ್ಲವನ್ನೂ ಕೇಳಿದ ಮುದುಕ, ಆತ ಒಳ್ಳೆಯದೆಂದು ಕಂಡದ್ದನ್ನು ಮಾಡಲಿ ಎಂದ. ದೇವರಿಗೆ ಓಗೊಡುವುದನ್ನು ಹುಡುಗನಿಗೆ ಕಲಿಸಿಕೊಟ್ಟವನೇ ಆ ಮಾತಿನ ಹೊಡೆತವನ್ನು ತಿಂದ. ಪಾಠ ಹೇಳಿದವನಾಗಿ ನಾನು ಏಲಿಯನ್ನು ಮರೆಯಲಾರೆ.

ಹೀಬ್ರೂ ಭಾಷೆಯಲ್ಲಿ ಈ ಓ ಎನ್ನುವುದಕ್ಕೆ ಒಂದು ಮಾತಿದೆ: ಹಿನ್ನೇನಿ. ಇಗೋ ಇದ್ದೇನೆ ಎಂಬುದು ಅದರ ಹುರುಳು. ಅಬ್ರಹಾಮ ಅದನ್ನೇ ಹೇಳುತ್ತಾನೆ, ಉರಿಯುವ ಪೊದೆಯ ಮುಂದೆ ಮೋಶೆ ಅದನ್ನೇ ಹೇಳುತ್ತಾನೆ. ಇಂಥ ಘಳಿಗೆಗಳಲ್ಲಿ ದೇವರು ಹೆಸರನ್ನು ಎರಡೆರಡು ಸಲ ಕರೆಯುವುದು ಈ ಗ್ರಂಥದ ರೂಢಿ. ಅಬ್ರಹಾಮನನ್ನು, ಯಾಕೋಬನನ್ನು, ಮೋಶೆಯನ್ನು, ಸಮುವೇಲನನ್ನು ಹಾಗೆಯೇ ಕರೆದ. ಹೊಸ ಒಡಂಬಡಿಕೆಗೆ ಬಂದರೆ ದಮಸ್ಕದ ದಾರಿಯಲ್ಲಿ ಬಿದ್ದ ಸೌಲನನ್ನೂ ಹಾಗೆಯೇ. ಒಮ್ಮೆ ಕರೆದು ನಿಲ್ಲುವುದು ಮನುಷ್ಯರಲ್ಲದವರ ಕರೆ ಎಂಬ ನಮ್ಮ ಅಜ್ಜಿಯ ಲೆಕ್ಕ ಇಲ್ಲಿ ಹೊಂದುತ್ತದೆ ಎಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಕರೆದವನು ಮತ್ತೊಮ್ಮೆ ಕರೆಯುತ್ತಾನೆ ಎಂಬುದರಲ್ಲಿ ಒಂದು ಅಕ್ಕರೆ ಇದೆ, ಅದನ್ನು ಹಳ್ಳಿಯ ಕಿವಿ ಬೇಗ ಹಿಡಿಯುತ್ತದೆ.

ಹೆಸರು ಹಿಡಿದು ಕರೆಸಿಕೊಂಡವರಲ್ಲಿ ನನ್ನನ್ನು ತುಂಬ ಕಾಡಿದವಳು ಹಾಗರಳು. ಐಗುಪ್ತದಿಂದ ಬಂದ ದಾಸಿ. ಸಾರಳೂ ಅಬ್ರಹಾಮನೂ ಅವಳ ಬಗ್ಗೆ ಮಾತಾಡುವಾಗ ‘ನನ್ನ ದಾಸಿ’, ‘ನಿನ್ನ ದಾಸಿ’ ಎನ್ನುತ್ತಾರೆ. ಅವರ ಬಾಯಲ್ಲಿ ಅವಳ ಹೆಸರು ಬರುವುದೇ ಇಲ್ಲ. ಬಸಿರಿಯಾದ ಅವಳು ಕಾಟ ತಾಳದೆ ಓಡಿಹೋಗಿ ಅಡವಿಯ ಒರತೆಯ ಬಳಿ ಕೂತಾಗ, ಅವಳನ್ನು ಮೊದಲು ಹೆಸರಿನಿಂದ ಕರೆಯುವುದು ದೇವರ ದೂತನ ದನಿ. ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ ಎಂದು ಅದು ಕೇಳುತ್ತದೆ. ಹುಟ್ಟುವ ಮಗುವಿಗೆ ಇಷ್ಮಾಯೇಲ ಎಂದು ಹೆಸರಿಡು ಎನ್ನುತ್ತದೆ. ದೇವರು ಕೇಳಿಸಿಕೊಳ್ಳುತ್ತಾನೆ ಎಂದು ಆ ಹೆಸರಿನ ಅರ್ಥ. ಆಗ ಅವಳು ಮಾಡುವ ಕೆಲಸ ದೊಡ್ಡದು. ತನ್ನನ್ನು ನೋಡಿದ ದೇವರು ಎಂದು ದೇವರಿಗೇ ಒಂದು ಹೆಸರಿಡುತ್ತಾಳೆ. ಮೋಶೆ ಪೊದೆಯ ಮುಂದೆ ನಿಂತು ನಿನ್ನ ಹೆಸರೇನು ಎಂದು ಕೇಳುವುದಕ್ಕೆ ಎಷ್ಟೋ ತಲೆಮಾರು ಮೊದಲೇ ಮನೆಯಿಂದ ಓಡಿಬಂದ ಒಬ್ಬ ಆಳುಮಗಳು ದೇವರಿಗೆ ಹೆಸರಿಟ್ಟಿದ್ದಳು.

ಎರಡನೆಯ ಸಲ, ಮನೆಗೆ ಮರಳಿದ್ದ ಅವಳನ್ನು ಮನೆಯವರೇ ಹೊರಗೆ ಹಾಕುತ್ತಾರೆ. ಬುತ್ತಿ, ಒಂದು ತಿತ್ತಿ ನೀರು, ಮಗ. ನೀರು ಮುಗಿಯುತ್ತದೆ. ಮಗನನ್ನು ಒಂದು ಗಿಡದ ಕೆಳಗೆ ಬಿಟ್ಟು, ಅವನು ಸಾಯುವುದನ್ನು ನೋಡಲಾರದೆ, ಬಾಣ ಹೋಗುವಷ್ಟು ದೂರದಲ್ಲಿ ಕೂತು ಅಳುತ್ತಾಳೆ. ಮತ್ತೆ ದನಿ, ಮತ್ತೆ ಹೆಸರು. ಆಮೇಲೆ ಅವಳ ಕಣ್ಣು ತೆರೆದು ಬಾವಿ ಕಾಣುತ್ತದೆ. ಕೂಡ್ಲಿಗಿಯ ಬಯಲಿನಲ್ಲಿ, ಹರಪನಹಳ್ಳಿಯ ಹಳ್ಳಿಗಳಲ್ಲಿ ಬರ ಬಿದ್ದ ವರ್ಷ ಮನೆಗೆ ಬೀಗ ಹಾಕಿ ಗುಳೆ ಹೊರಟವರನ್ನು ಕಂಡವರಿಗೆ, ಬೆಂಗಳೂರಿನ ಕಟ್ಟಡಗಳ ಬುಡದಲ್ಲಿ ಮಗುವನ್ನು ಮರಳ ರಾಶಿಯ ನೆರಳಿಗೆ ಮಲಗಿಸಿ ಇಟ್ಟಿಗೆ ಹೊರುವ ನಮ್ಮ ಹೆಣ್ಣುಮಕ್ಕಳನ್ನು ಕಂಡವರಿಗೆ, ಹಾಗರಳ ಕಥೆಗೆ ಟಿಪ್ಪಣಿ ಬೇಕಾಗುವುದಿಲ್ಲ. ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ ಎಂದು ಹೆಸರು ಹಿಡಿದು ಕೇಳುವವರು ಅಲ್ಲಿ ಯಾರೂ ಇರುವುದಿಲ್ಲ.

ಈಗ ಮೈಲಾರಕ್ಕೆ ಬರುತ್ತೇನೆ. ದೇವರ ನೇರ ಮಾತು ಎಂದೊಡನೆ ಹಡಗಲಿ ತಾಲ್ಲೂಕಿನವರ ಮನಸ್ಸು ಆಗಲೇ ಅತ್ತ ಹೋಗಿರುತ್ತದೆ. ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರಲಿಂಗನ ಭವಿಷ್ಯವಾಣಿಯಾದ ಕಾರ್ಣಿಕವನ್ನು ಕೇಳಲು ಡೆಂಕನಮರಡಿಯಲ್ಲಿ ಸೇರುವ ಜನವನ್ನು ನಾನು ಮೊದಲು ನೋಡಿದ್ದು ಅಪ್ಪನ ಹೆಗಲ ಮೇಲೆ ಕೂತು. ಎತ್ತ ನೋಡಿದರೂ ಭಂಡಾರದ ಹಳದಿ. ಏಳುಕೋಟಿಯ ಘೋಷ, ಡಮರುಗದ ಸದ್ದು, ಎತ್ತಿನ ಬಂಡಿಗಳು, ಕರಿ ಕಂಬಳಿಯ ಗೊರವರು. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರಿದ. ‘ಸದ್ದಲೇ’ ಎಂದ. ಆ ಒಂದು ಕೂಗಿಗೆ ಅಷ್ಟು ದೊಡ್ಡ ಜನಸಾಗರ ಉಸಿರು ಬಿಗಿಹಿಡಿದದ್ದನ್ನು ನೆನೆದರೆ ಇವತ್ತಿಗೂ ನನ್ನ ಮೈ ನವಿರೇಳುತ್ತದೆ. ಒಂದೇ ಒಂದು ವಾಕ್ಯ ನುಡಿದ. ಕೈಬಿಟ್ಟು ಬಿದ್ದ. ಕೆಳಗಿದ್ದವರು ಕಂಬಳಿಯಲ್ಲಿ ಹಿಡಿದುಕೊಂಡರು. ಮರುಘಳಿಗೆಯೇ ಏನೆಂದ, ಏನೆಂದ ಎಂಬ ಗುಜುಗುಜು ಶುರುವಾಯಿತು. ಮಳೆಗೆ ಹೇಳಿದ್ದು, ಬೆಳೆಗೆ ಹೇಳಿದ್ದು, ರಾಜಕೀಯಕ್ಕೆ ಹೇಳಿದ್ದು ಎಂದು ಬಂಡಿ ಬಂಡಿಯಲ್ಲಿ ಒಂದೊಂದು ಅರ್ಥ ಹೊರಟಿತು.

ಬೈಬಲಿನ ದನಿಯನ್ನೂ ಕಾರ್ಣಿಕವನ್ನೂ ಒಂದೇ ತಕ್ಕಡಿಗೆ ಹಾಕಿ ಯಾವುದು ಹೆಚ್ಚು ಎಂದು ತೂಗುವ ಮನಸ್ಸು ನನಗಿಲ್ಲ. ಎರಡರ ನಡುವೆ ಹೋಲುವುದೇನು, ಬೇರೆಯಾಗುವುದೇನು ಎಂದಷ್ಟೇ ನೋಡುತ್ತೇನೆ. ಹೋಲುವುದು ಕಂಬಳಿ. ಇದನ್ನು ಹಗುರವಾಗಿ ಹೇಳುತ್ತಿಲ್ಲ. ಮೋಶೆ ಹೋರೇಬಿನ ಬೆಟ್ಟದಲ್ಲಿ ದನಿ ಕೇಳಿದಾಗ ಮಾವನ ಕುರಿ ಮೇಯಿಸುತ್ತಿದ್ದ. ತೆಕೋವದ ಆಮೋಸ ಕುರಿಗಾಹಿ, ನಾನು ಪ್ರವಾದಿಯೂ ಅಲ್ಲ, ಪ್ರವಾದಿಗಳ ಪೈಕಿಯವನೂ ಅಲ್ಲ ಎಂದು ಹೇಳಿಕೊಂಡವನು. ಎಲೀಯನನ್ನು ಜನ ಗುರುತಿಸುತ್ತಿದ್ದುದು ರೋಮದ ಹೊದಿಕೆಯಿಂದ, ಸೊಂಟದ ತೊಗಲಿನ ಪಟ್ಟಿಯಿಂದ. ಅವನ ಶಿಷ್ಯ ಎಲೀಷ ಗುರು ಹೋದ ಮೇಲೆ ಕೆಳಗೆ ಬಿದ್ದ ಆ ಹೊದಿಕೆಯನ್ನೇ ಎತ್ತಿಕೊಳ್ಳುತ್ತಾನೆ. ನಾನು ಅದನ್ನು ಕಂಬಳಿ ಎಂದೇ ಓದಿಕೊಳ್ಳುತ್ತೇನೆ. ಹಿಂಡಿನ ಹಿಂದೆ ಬಯಲಿನಲ್ಲಿ ತಿಂಗಳುಗಟ್ಟಲೆ ನಡೆಯುವವನ ಕಿವಿಗೆ ಮೊದಲು ಕೇಳಿಸಿತು ಎಂಬುದರಲ್ಲಿ ಎರಡೂ ನಾಡುಗಳು ಒಂದಾಗಿವೆ.

ಬೇರೆಯಾಗುವುದು ಹೆಸರಿನಲ್ಲಿ. ಕಾರ್ಣಿಕದ ವಾಕ್ಯ ನಾಡಿಗೆಲ್ಲ ಹೇಳಿದ್ದು, ಯಾರ ಹೆಸರನ್ನೂ ಹಿಡಿದದ್ದಲ್ಲ. ಅದಕ್ಕೆ ಓ ಎನ್ನುವಂತಿಲ್ಲ. ಅದನ್ನು ಹೊತ್ತುಕೊಂಡು ಊರಿಗೆ ಹೋಗಿ ಅರ್ಥ ಬಿಡಿಸಬೇಕು. ಬೈಬಲಿನಲ್ಲಿ ಜನಸಮೂಹಕ್ಕೆಲ್ಲ ದೇವರು ನೇರವಾಗಿ ನುಡಿದ ಸಂದರ್ಭ ಸೀನಾಯಿ ಬೆಟ್ಟದ್ದು. ಅಲ್ಲಿ ನಡೆದದ್ದೇನು? ಗುಡುಗು, ಹೊಗೆ, ಕೊಂಬಿನ ದನಿ ಕೇಳಿ ಜನ ಹಿಂದೆ ಸರಿದರು. ನಮ್ಮೊಡನೆ ದೇವರು ನೇರ ಮಾತಾಡುವುದು ಬೇಡ, ಸತ್ತೇ ಹೋದೇವು, ನೀನೇ ಕೇಳಿಕೊಂಡು ಬಂದು ಹೇಳು ಎಂದು ಮೋಶೆಗೆ ಕೈಮುಗಿದರು. ಮುಂದೆ ಹೋರೇಬ್ ಎಂದೂ ಕರೆಯುವ ಅದೇ ಬೆಟ್ಟಕ್ಕೆ ಎಲೀಯ ಪ್ರಾಣಭಯದಿಂದ ಓಡಿಬಂದು ಗವಿಯಲ್ಲಿ ಅಡಗಿದಾಗ ಬಿರುಗಾಳಿ ಬಂತು, ನೆಲ ನಡುಗಿತು, ಬೆಂಕಿ ಬಂತು. ದೇವರು ಅವು ಯಾವುದರಲ್ಲೂ ಇರಲಿಲ್ಲ. ಆಮೇಲೆ ಬಂದದ್ದು ತೀರ ತೆಳುವಾದ ಒಂದು ದನಿ. ಮೌನದ ಸದ್ದು ಎನ್ನಬಹುದಾದ ವಿಚಿತ್ರ ಮಾತು ಹೀಬ್ರೂ ಮೂಲದಲ್ಲಿದೆ. ಎಲೀಯ ಕಂಬಳಿಯಿಂದ ಮುಖ ಮುಚ್ಚಿಕೊಂಡು ಗವಿಯ ಬಾಯಿಗೆ ಬಂದು ನಿಂತ. ಸೀನಾಯಿಯ ಗುಡುಗಿನ ಕಥೆಗೆ ಅದೇ ಬೆಟ್ಟದಲ್ಲಿ ಬರೆದ ತಿದ್ದುಪಡಿಯಂತೆ ನನಗದು ಕಾಣುತ್ತದೆ. ‘ಸದ್ದಲೇ’ ಎಂಬ ಕೂಗಿನ ಬೆನ್ನಿಗೇ ಡೆಂಕನಮರಡಿಯ ಮೇಲೆ ಬಂದು ನಿಲ್ಲುವ ಆ ಮೌನದ ಘಳಿಗೆಯನ್ನು ಅನುಭವಿಸಿದವರು ಈ ಪ್ರಸಂಗವನ್ನು ಬೇರೆಯವರಿಗಿಂತ ಚೆನ್ನಾಗಿ ಓದಬಲ್ಲರು.

ಕನ್ನಡದ ಭಕ್ತಿಯಲ್ಲಿ ಕರೆಯ ದಿಕ್ಕು ಬಹುಪಾಲು ಕೆಳಗಿನಿಂದ ಮೇಲಕ್ಕೆ. ಬಸವಣ್ಣನ ಒಂದು ವಚನದಲ್ಲಿ ಭಕ್ತ ಅಯ್ಯಾ ಅಯ್ಯಾ ಎಂದು ಕರೆದು ಕರೆದು ಸೋತು, ದೇವರು ಒಮ್ಮೆ ಓ ಎನ್ನಬಾರದೇ ಎಂದು ಹಂಬಲಿಸುತ್ತಾನೆ. ವಚನದ ಕೊನೆಯ ಅಂಕಿತವೇ ಒಂದು ಕೂಗು. ಹರಪನಹಳ್ಳಿಯ ಭೀಮವ್ವ ‘ಭೀಮೇಶಕೃಷ್ಣ’ ಎಂಬ ಅಂಕಿತದಲ್ಲಿ ಹಾಡಿದ್ದೂ ಕೂಗಿಯೇ. ದೇವರು ಅಲ್ಲಿ ಕೇಳಿಸಿಕೊಳ್ಳುವವನು. ಉತ್ತರ ಬಂದರೆ ಅದು ಕೂಗಿದವರ ಎದೆಯೊಳಗೆ ಬಂದದ್ದು, ಹಾಡಿನಲ್ಲಿ ಅದರ ಅಕ್ಷರ ಸಿಗುವುದು ಅಪರೂಪ. ನಮ್ಮ ಊರ ದೇವರುಗಳು ಉತ್ತರ ಕೊಡುವುದುಂಟು. ಮೈಮೇಲೆ ಬಂದು ಹೇಳಿಕೆ ಕೊಡುತ್ತವೆ, ಪ್ರಸಾದ ಕೇಳಿದರೆ ಬಲಕ್ಕೋ ಎಡಕ್ಕೋ ಹೂ ಕೊಡುತ್ತವೆ. ಆದರೆ ಅಲ್ಲಿಯೂ ಮೊದಲು ಕೇಳಿದವರು ನಾವು. ಬೈಬಲಿನಲ್ಲಿ ಕೀರ್ತನೆಗಳ ಪುಸ್ತಕ ಬಸವಣ್ಣನ ಹಂಬಲಕ್ಕೆ ಸೋದರ, ಅಲ್ಲಿಯೂ ಎಷ್ಟು ಹೊತ್ತು ಸುಮ್ಮನಿರುತ್ತೀ ಎಂಬ ದೂರಿದೆ. ಆದರೆ ಆ ಗ್ರಂಥದ ಮೊದಲ ಪುಟಗಳಲ್ಲೇ ದಿಕ್ಕು ತಿರುಗುಮುರುಗಾಗಿದೆ. ಮರದ ಮರೆಯಲ್ಲಿ ಅಡಗಿದ ಆದಾಮನನ್ನು ದೇವರು ಹುಡುಕಿಕೊಂಡು ಬಂದು, ಎಲ್ಲಿದ್ದೀ ಎಂದು ಕೇಳುತ್ತಾನೆ. ತಮ್ಮನನ್ನು ಕೊಂದ ಕಾಯಿನನನ್ನು, ನಿನ್ನ ತಮ್ಮ ಎಲ್ಲಿ ಎಂದು ಕೇಳುತ್ತಾನೆ. ಇಲ್ಲಿ ಕೂಗಿ ಕಾಯುವವನು ದೇವರು. ಓ ಎನ್ನದೆ ಅಡಗುವವನು ಮನುಷ್ಯ. ನಾನು ಇವತ್ತು ಹೇಳಬೇಕೆಂದು ಬಂದ ಒಂದೇ ಮಾತು ಇದು. ಬಸವಣ್ಣನ ಕೂಗನ್ನು ಕೇಳಿ ಬೆಳೆದ ಕಿವಿಗೆ ಇದು ಎಷ್ಟು ಹೊಸದಾಗಿ ಕೇಳಿಸುತ್ತದೆ ಎಂಬುದನ್ನು, ಚಿಕ್ಕಂದಿನಿಂದಲೇ ಬೈಬಲ್ ಓದಿದವರು ಬಹುಶಃ ಊಹಿಸಲಾರರು.

ಬೈಬಲಿನ ಈ ದನಿ ಕನ್ನಡಕ್ಕೆ ಬಂದದ್ದು ನಮ್ಮ ಹಳೆಯ ಬಳ್ಳಾರಿ ಜಿಲ್ಲೆಯಲ್ಲೇ ಎಂಬುದನ್ನು ನಾವು ಮರೆತಿದ್ದೇವೆ. 1800ರಲ್ಲಿ ನಿಜಾಮ ಕಂಪನಿಗೆ ಬಿಟ್ಟುಕೊಟ್ಟ ಸೀಮೆ ನಮ್ಮದು. 1953ರ ಅಕ್ಟೋಬರ್ 1ರವರೆಗೆ ಮದರಾಸು ಆಡಳಿತದ ಬಳ್ಳಾರಿ ಜಿಲ್ಲೆ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಕನ್ನಡ ಕಲಿಯುತ್ತಲೇ ಅನುವಾದಕ್ಕೆ ಕೈಹಾಕಿದ. ವಿಲಿಯಂ ರೀವ್ ಬಂದು ಸೇರಿಕೊಂಡ. ಹೊಸ ಒಡಂಬಡಿಕೆ 1821ರ ಸುಮಾರಿಗೆ, ಇಡೀ ಬೈಬಲ್ 1831ರ ಸುಮಾರಿಗೆ ಅಚ್ಚಾಗಿ ಹೊರಬಂದವು. ಈ ಕೆಲಸದ ಜೊತೆಜೊತೆಗೇ ರೀವ್ ಶಬ್ದಗಳನ್ನು ಕೂಡಿಹಾಕಿ 1824ರಲ್ಲಿ ಇಂಗ್ಲಿಷ್-ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನೂ ಹೊರತಂದ. ಕಿಟೆಲ್‌ರ ನಿಘಂಟು ಬರುವುದಕ್ಕೆ ಅದಾದ ಮೇಲೆ ಇನ್ನೂ ಆರು ದಶಕ ಕಾಯಬೇಕಿತ್ತು. ಮಂಗಳೂರಿನಲ್ಲಿ 1843ರಲ್ಲಿ ಮೊಗ್ಲಿಂಗ್ ಕಲ್ಲಚ್ಚಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ ಮರುವರ್ಷ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ ಆಯಿತು. ಬಿಸಿಲಿನ ಊರೆಂದು ಬಳ್ಳಾರಿಯನ್ನು ಆಡಿಕೊಳ್ಳುವವರಿಗೆ ಇದನ್ನು ಹೇಳಬೇಕು. ಹ್ಯಾಂಡ್ಸ್, ರೀವ್‌ರ ಪಕ್ಕದಲ್ಲಿ ಕೂತು ಇದು ಹೀಗಲ್ಲ, ಹೀಗೆ ಎಂದು ತಿದ್ದಿಕೊಟ್ಟ ಮುನ್ಷಿಗಳ ನೆನಪು ನಮ್ಮಲ್ಲಿ ಉಳಿದಿಲ್ಲ, ಅದು ನನ್ನನ್ನು ನೋಯಿಸುತ್ತದೆ. ದೇವರ ಬಾಯಿಗೆ ಕನ್ನಡ ಹಾಕಿದವರು ಅವರೂ ಹೌದು.

ಅಪೊಸ್ತಲರ ಕೃತ್ಯಗಳಲ್ಲಿ ಒಂದು ಹಬ್ಬದ ದಿನ ಯೆರೂಸಲೇಮಿನಲ್ಲಿ ನೆರೆದ ಬೇರೆಬೇರೆ ಸೀಮೆಗಳವರು ತಮ್ಮ ತಮ್ಮ ಭಾಷೆಯಲ್ಲೇ ಮಾತನ್ನು ಕೇಳಿದರು ಎಂದಿದೆ. ಪಾರ್ಥ್ಯರಿಂದ ಹಿಡಿದು ಅರಬಿಯರವರೆಗೆ ಅಲ್ಲಿ ಪಟ್ಟಿಯಿದೆ, ಕನ್ನಡದವರು ಅದರಲ್ಲಿಲ್ಲ. ಆ ಪಟ್ಟಿಗೆ ನಮ್ಮ ಹೆಸರು ಸೇರಿದ್ದು ಹದಿನೆಂಟು ಶತಮಾನದ ಮೇಲೆ, ಬಳ್ಳಾರಿಯ ಒಂದು ಮನೆಯಲ್ಲಿ.

ಅನುವಾದಕ್ಕೆ ಕೂತವರ ಮುಂದೆ ಇದ್ದ ಒಂದು ತೊಡಕು ನೀನು, ನೀವು. ದೇವರು ಮನುಷ್ಯನನ್ನು ಏನೆಂದು ಕರೆಯಬೇಕು, ಮನುಷ್ಯ ದೇವರನ್ನು ಏನೆಂದು ಕರೆಯಬೇಕು? ಹೀಬ್ರೂವಿನಲ್ಲಿ ಏಕವಚನ, ಬಹುವಚನ ಬೇರೆ ಬೇರೆ; ಗಂಡಿಗೆ ಒಂದು ನೀನು, ಹೆಣ್ಣಿಗೆ ಇನ್ನೊಂದು. ಹಾಗರಳಿಗೆ ಹೇಳಿದ ನೀನು ಹೆಣ್ಣಿನ ನೀನು, ಆ ಸೊಗಸು ಕನ್ನಡಕ್ಕೆ ಬರಲಾರದು. ಆದರೆ ಇನ್ನೊಂದು ಸೊಗಸು ಬಂದಿದೆ. ಹತ್ತು ಆಜ್ಞೆಗಳನ್ನು ಇಡೀ ಜನಾಂಗದ ಮುಂದೆ ಹೇಳಿದರೂ ಮೂಲದಲ್ಲಿ ಅವು ಏಕವಚನದಲ್ಲಿವೆ, ಒಬ್ಬೊಬ್ಬನನ್ನೂ ಎದುರಿಗೆ ನಿಲ್ಲಿಸಿಕೊಂಡು ಹೇಳಿದಂತೆ. ಇವತ್ತಿನ ಇಂಗ್ಲಿಷಿನಲ್ಲಿ ಓದುವವನಿಗೆ ಇದು ತಿಳಿಯುವುದೇ ಇಲ್ಲ. ಕನ್ನಡ ಅದನ್ನು ಉಳಿಸಿಕೊಂಡಿತು. ನಮ್ಮಲ್ಲಿ ನೀನು ಎಂಬುದು ಮಗುವಿಗೆ, ಗೆಳೆಯನಿಗೆ, ಅವ್ವನಿಗೆ, ದೇವರಿಗೆ. ತಹಶೀಲ್ದಾರರಿಗೆ ನೀವು. ದೇವರು ಮೋಶೆಗೆ ನೀನು ಎಂದರೆ ಮೋಶೆಯೂ ದೇವರಿಗೆ ನೀನು ಎನ್ನುತ್ತಾನೆ. ಇಬ್ಬರೂ ಒಂದೇ ಸರ್ವನಾಮದಲ್ಲಿ ಎದುರುಬದುರಾಗಿ ನಿಲ್ಲುತ್ತಾರೆ. ವಚನಗಳಿಂದ ಪಳಗಿದ ಭಾಷೆಗೆ ಇದು ಹೊರಗಿನಿಂದ ಬಂದ ವಸ್ತುವಾಗಿ ಕಾಣಲಿಲ್ಲ. ಹಳೆಯ ಅನುವಾದದಲ್ಲಿ ದೇವರು ಹೇಳಿದನು, ದೇವರು ಮಾಡಿದನು ಎಂಬ ರೂಪವಿದೆ. ಈಚಿನ ಅನುವಾದವೊಂದರಲ್ಲಿ ಗೌರವದ ಬಹುವಚನ ಬಂದು ಮಾಡಿದರು ಎಂದಾಗಿದೆ, ಯೆಹೋವ ಎಂಬಲ್ಲಿ ಸರ್ವೇಶ್ವರ ಎಂದಾಗಿದೆ. ಸರ್ವೇಶ್ವರ ಎಂಬ ಪದ ನನಗೆ ಪ್ರಿಯ. ಆದರೆ ಕ್ರಿಯಾಪದದಲ್ಲಿ ನಾನು ಹಳೆಯದರ ಕಡೆ. ಗೌರವ ಹೆಚ್ಚಿದಷ್ಟೂ ದೂರವೂ ಹೆಚ್ಚುತ್ತದೆ.

ದೇವರು ಹೇಳಿದ ಎಂದು ಹೇಳುವವರು ಎಲ್ಲ ಕಾಲದಲ್ಲೂ ಇದ್ದಾರೆ. ಇಲ್ಲಿ ಮಾತು ಕಷ್ಟದ್ದಾಗುತ್ತದೆ. ನಮ್ಮ ಈ ತಾಲ್ಲೂಕುಗಳಲ್ಲಿ ಹೆಣ್ಣುಮಗುವಿನ ತಲೆಯಲ್ಲಿ ಜಡೆಗಟ್ಟಿದ್ದನ್ನೇ ದೇವಿಯ ಕರೆ ಎಂದು ಹೇಳಿ ಮುತ್ತು ಕಟ್ಟಿ ದೇವದಾಸಿ ಮಾಡಿದರು. 1982ರಲ್ಲಿ ಅದನ್ನು ನಿಷೇಧಿಸುವ ಕಾನೂನು ಬಂತು. ಅದು ಬಂದ ಮೇಲೂ ಎಷ್ಟೋ ವರ್ಷ ಕತ್ತಲಲ್ಲಿ ಕಟ್ಟಿದರು. ನನ್ನ ಪಾಠ ಕೇಳಿದ ಮಕ್ಕಳಲ್ಲಿ ಆ ತಾಯಂದಿರ ಮಕ್ಕಳಿದ್ದರು. ಶಾಲೆಯ ಅರ್ಜಿಯಲ್ಲಿ ಅಪ್ಪನ ಹೆಸರಿನ ಸಾಲಿಗೆ ಬಂದಾಗ ಅವರ ಲೇಖನಿ ನಿಲ್ಲುತ್ತಿದ್ದುದನ್ನು ಕಂಡಿದ್ದೇನೆ. ಆ ತಾಯಂದಿರನ್ನು ದೇವಿ ಕರೆದಿರಲಿಲ್ಲ, ಊರಿನ ಉಳ್ಳವರು ಕರೆದಿದ್ದರು. ದೇವರ ಮಾತಿನ ಬಗ್ಗೆ ಉಪನ್ಯಾಸ ಕೊಡುವವನು ಇದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ.

ಬೈಬಲಿಗೂ ಈ ಅಪಾಯ ಗೊತ್ತು. ಕ್ರಿಸ್ತಪೂರ್ವ 6ನೆಯ ಶತಮಾನದ ಆರಂಭದಲ್ಲಿ ಬಾಬೆಲಿನ ಅರಸ ಯೆರೂಸಲೇಮನ್ನು ಮಣಿಸಿ ಜನರನ್ನು ಸೆರೆ ಒಯ್ದ ಕಾಲ. ಯೆರೆಮೀಯ ಕೊರಳಿಗೆ ಮರದ ನೊಗ ಹೊತ್ತು ಬೀದಿಯಲ್ಲಿ ಓಡಾಡುತ್ತ, ಈ ನೊಗ ಸದ್ಯಕ್ಕೆ ಇಳಿಯುವುದಿಲ್ಲ ಎಂದು ಸಾರುತ್ತಿದ್ದ. ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಗುಡಿಯಲ್ಲಿ ಎಲ್ಲರೆದುರು ನಿಂತು, ಎರಡೇ ವರ್ಷದಲ್ಲಿ ಎಲ್ಲರೂ ಮರಳಿ ಬರುತ್ತಾರೆ ಎಂದು ದೇವರು ನುಡಿದಿದ್ದಾನೆ ಎಂದ. ಯೆರೆಮೀಯನ ಕೊರಳ ನೊಗ ಕಿತ್ತು ಮುರಿದುಹಾಕಿದ. ಇಬ್ಬರೂ ಒಂದೇ ದೇವರ ಹೆಸರಿನಲ್ಲಿ ಮಾತಾಡುತ್ತಿದ್ದಾರೆ, ಕೇಳುವ ಜನಕ್ಕೆ ಗುರುತೇನು? ಯೆರೆಮೀಯ ಮೊದಲು ಹೇಳಿದ್ದು, ನಿನ್ನ ಮಾತೇ ನಿಜವಾಗಲಿ ಎಂದು. ಅದರ ಬೆನ್ನಿಗೆ ಒಂದು ಎಚ್ಚರಿಕೆಯನ್ನೂ ಕೊಟ್ಟ: ಸಮಾಧಾನ ನುಡಿಯುವ ಪ್ರವಾದಿಯನ್ನು ಅವನ ಮಾತು ನಡೆದ ಮೇಲೆಯೇ ನಂಬಬೇಕು. ನೊಗ ಮುರಿದಾಗ ಮಾತ್ರ ಏನೂ ಆಡದೆ ತನ್ನ ದಾರಿ ಹಿಡಿದು ಹೋದ. ಆ ಘಳಿಗೆಯಲ್ಲಿ ಅವನಿಗೆ ದೇವರಿಂದ ಯಾವ ಮಾತೂ ಬಂದಿರಲಿಲ್ಲ, ಬರದ್ದನ್ನು ಅವನು ಆಡಲಿಲ್ಲ. ಮರದ ನೊಗದ ಬದಲು ಕಬ್ಬಿಣದ ನೊಗ ಬರುತ್ತದೆ ಎಂಬ ಮಾತು ಅವನಿಗೆ ಬಂದದ್ದು ಆಮೇಲೆ. ಹನನ್ಯನ ಗಟ್ಟಿ ದನಿಗಿಂತ ಯೆರೆಮೀಯ ಬೆನ್ನು ತಿರುಗಿಸಿ ನಡೆದ ಆ ಸಾಲು ನನಗೆ ನಂಬಿಕೆ ಹುಟ್ಟಿಸುತ್ತದೆ.

ಯೋಬನ ಪುಸ್ತಕದಲ್ಲಿ ದೇವರ ಅತಿ ಉದ್ದದ ಮಾತುಗಳಲ್ಲೊಂದು ಇದೆ. ಮಕ್ಕಳು, ದನಕರು, ಮೈಯ ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತವನು ಯೋಬ. ನೀನು ಪಾಪ ಮಾಡಿರಬೇಕು, ದೇವರು ಸುಮ್ಮನೆ ದಂಡಿಸುವುದಿಲ್ಲ ಎಂದು ಗೆಳೆಯರು ದೇವರ ಪರ ವಕಾಲತ್ತು ಹಾಕುತ್ತಾರೆ. ಯೋಬ ಒಪ್ಪುವುದಿಲ್ಲ, ದೇವರೇ ಬಂದು ಉತ್ತರ ಹೇಳಲಿ ಎನ್ನುತ್ತಾನೆ. ಕೊನೆಗೆ ಸುಂಟರಗಾಳಿಯೊಳಗಿಂದ ದೇವರು ಮಾತಾಡುತ್ತಾನೆ, ಆದರೆ ಉತ್ತರ ಕೊಡುವುದಿಲ್ಲ. ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾನೆ. ಭೂಮಿಗೆ ಅಸ್ತಿಭಾರ ಹಾಕುವಾಗ ನೀನೆಲ್ಲಿದ್ದೆ, ಕಾಡುಮೇಕೆ ಈಯುವ ಕಾಲ ನಿನಗೆ ಗೊತ್ತೇ, ಮನುಷ್ಯರೇ ಇಲ್ಲದ ಬೆಂಗಾಡಿನ ಮೇಲೆ ಮಳೆ ಸುರಿಸುವವರು ಯಾರು. ಈ ಕೊನೆಯ ಪ್ರಶ್ನೆಯನ್ನು ನಮ್ಮ ಸೀಮೆಯಲ್ಲಿ ಕೂತು ಓದಬೇಕು. ಕಾರ್ಣಿಕದಲ್ಲಿ ನಾವು ಮೊದಲು ಹುಡುಕುವುದು ಮಳೆಯನ್ನು. ಇಲ್ಲೊಬ್ಬ ದೇವರು, ಯಾರೂ ಉತ್ತದ, ಯಾರೂ ಬಿತ್ತದ ನೆಲದ ಮೇಲೂ ತಾನು ಮಳೆ ಸುರಿಸುತ್ತೇನೆ ಎನ್ನುತ್ತಾನೆ. ಬರ ಕಂಡವನಿಗೆ ಇದರಿಂದ ಸಿಟ್ಟೂ ಬರಬಹುದು, ನನಗೆ ಬಂದಿದೆ. ಆದರೆ ಕಥೆಯ ಕೊನೆಯಲ್ಲಿ ದೇವರು ಗೆಳೆಯರ ಕಡೆ ತಿರುಗಿ, ನನ್ನ ಬಗ್ಗೆ ಸರಿಯಾಗಿ ಮಾತಾಡಿದವನು ಯೋಬನೇ ಹೊರತು ನೀವಲ್ಲ ಎನ್ನುತ್ತಾನೆ. ದೇವರ ಪರವಾಗಿ ವಾದಿಸಿದವರು ತಪ್ಪು, ದೇವರ ಮುಖಕ್ಕೇ ದೂರಿದವನು ಸರಿ. ಯಾವ ಧರ್ಮಗ್ರಂಥದಲ್ಲೇ ಆಗಲಿ ಇಂಥ ಮಾತನ್ನು ಬರೆದಿಡಲು ಧೈರ್ಯ ಬೇಕು.

ಇದೇ ಬೈಬಲಿನೊಳಗೆ ದೇವರು ಬಾಯಿಯನ್ನೇ ಬಿಡದ ಕಥೆಗಳೂ ಇವೆ. ಅಣ್ಣಂದಿರು ಮಾರಿದ ಯೋಸೇಫನಿಗೆ ಕನಸುಗಳು ಬಿದ್ದವು, ದನಿ ಕೇಳಿಸಲಿಲ್ಲ. ಹೀಬ್ರೂವಿನ ಎಸ್ತೇರಳ ಪುಸ್ತಕದಲ್ಲಿ ದೇವರ ಹೆಸರೇ ಇಲ್ಲ.

ಹೊಸ ಒಡಂಬಡಿಕೆಯ ಯೋಹಾನ ತನ್ನ ಸುವಾರ್ತೆಯ ಮೊದಲಲ್ಲೇ ಯೇಸುವನ್ನು ವಾಕ್ಯ ಎಂದು ಕರೆಯುತ್ತಾನೆ. ಗ್ರೀಕಿನ ಲೋಗೊಸ್ ಎಂಬ ಪದಕ್ಕೆ ಕನ್ನಡದಲ್ಲಿ ನೆಲೆಯಾದ ಮಾತು ಅದು. ನಮ್ಮ ಕಡೆಯ ಕ್ರೈಸ್ತ ಮನೆಗಳಲ್ಲಿ ಬೋಧನೆ ಕೇಳಲು ಹೋಗುವುದನ್ನು ವಾಕ್ಯ ಕೇಳಲು ಹೋಗುವುದು ಎನ್ನುತ್ತಾರೆ. ಅದೇ ಸುವಾರ್ತೆಯ ಕೊನೆಯ ಅಧ್ಯಾಯಗಳಲ್ಲಿ ನನ್ನ ಮಾತಿಗೆ ಬೇಕಾದ ಒಂದು ಪ್ರಸಂಗವಿದೆ. ಯೇಸುವನ್ನು ಹೂಳಿದ ಮೂರನೆಯ ದಿನ, ಇನ್ನೂ ಕತ್ತಲಿರುವಾಗಲೇ ಮಗ್ದಲದ ಮರಿಯಳು ಸಮಾಧಿಗೆ ಬರುತ್ತಾಳೆ. ದೇಹ ಅಲ್ಲಿಲ್ಲ. ಅಳುತ್ತ ಹಿಂದಕ್ಕೆ ನೋಡಿದರೆ ಯಾರೋ ನಿಂತಿದ್ದಾನೆ. ಏಕೆ ಅಳುತ್ತೀ, ಯಾರನ್ನು ಹುಡುಕುತ್ತೀ ಎಂದು ಅವನು ಕೇಳುತ್ತಾನೆ. ಅವಳಿಗೆ ಗುರುತು ಹತ್ತುವುದಿಲ್ಲ, ತೋಟ ಕಾಯುವವನಿರಬೇಕು ಎಂದುಕೊಳ್ಳುತ್ತಾಳೆ. ನೀನು ಅವರನ್ನು ಎತ್ತಿಕೊಂಡು ಹೋಗಿದ್ದರೆ ಎಲ್ಲಿಟ್ಟೆ ಹೇಳಪ್ಪಾ, ನಾನು ಒಯ್ಯುತ್ತೇನೆ ಎಂದು ಬೇಡುತ್ತಾಳೆ. ಮುಖ ನೋಡಿದರೂ ತಿಳಿಯಲಿಲ್ಲ, ಪ್ರಶ್ನೆ ಕೇಳಿದರೂ ತಿಳಿಯಲಿಲ್ಲ. ಆಗ ಅವನು ಅವಳ ಹೆಸರನ್ನು ಕರೆಯುತ್ತಾನೆ. ಬೇರೇನೂ ಹೇಳುವುದಿಲ್ಲ, ಹೆಸರಷ್ಟೇ, ಒಂದೇ ಸಲ.

ಒಂದೇ ಕೂಗಿಗೆ ಓ ಅನ್ನಬೇಡ ಎಂದಿದ್ದಳು ನಮ್ಮ ಅಜ್ಜಿ. ಮರಿಯಳು ಓ ಎನ್ನಲೂ ಇಲ್ಲ. ತಿರುಗಿ, ತನ್ನ ತಾಯಿನುಡಿಯಲ್ಲಿ ಅವನನ್ನೇ ಕರೆದಳು, ಗುರುವೇ ಎಂದು. ಗ್ರೀಕಿನಲ್ಲಿ ಬರೆಯುತ್ತಿದ್ದ ಯೋಹಾನ ಆ ಒಂದು ಪದವನ್ನು ಅವಳ ಬಾಯಲ್ಲಿ ಬಂದಂತೆಯೇ ಉಳಿಸಿಕೊಂಡು, ಪಕ್ಕದಲ್ಲಿ ಅದರ ಅರ್ಥ ಬರೆದ.